ಹತ್ತನೇ ಸಲ ದೂರು ಕೊಟ್ಟವರು

ನಮ್ಮ ಆಫೀಸಲ್ಲಿ ಒಬ್ಬ ಗ್ರಾಹಕರಿಗೆ ‘ಮತ್ತೆ ಬಂದ್ರು’ ಅಂತಲೇ ಹೆಸರಿತ್ತು. ದುಡ್ಡು ಕಟ್ಟುವಾಗ ಆ್ಯಪ್ ನಿಂತುಹೋಗುತ್ತೆ ಅಂತ ಎರಡು ತಿಂಗಳಲ್ಲಿ ಒಂಬತ್ತು ದೂರು. ನಮ್ಮ ವೈಫೈನಲ್ಲಿ ನಾನು ನೋಡಿದಾಗೆಲ್ಲ ಸರಿಯಾಗೇ ಇತ್ತು. ಒಂಬತ್ತನ್ನೂ ‘ಪರಿಹರಿಸಲಾಗಿದೆ’ ಅಂತ ಮುಚ್ಚಿದವನು ನಾನೇ.

ದೊಡ್ಡಹಬ್ಬಕ್ಕೆ ಊರಿಗೆ ಹೋದೆ. ನಮ್ಮದು ಲಿಂಗನಮಕ್ಕಿ ಹಿನ್ನೀರಿನಾಚೆ, ತುಮರಿ ಕಡೆ. ಮನೇಲಿ ಸಿಗ್ನಲ್ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡೋಕೆ ಅಪ್ಪಯ್ಯನ ಜೊತೆ ಗುಡ್ಡ ಹತ್ತಿದೆ.

“ನೆಟ್‌ವರ್ಕ್ ಇಲ್ಲ ಅಂತ ಹೇಳೋಕೂ ನೆಟ್‌ವರ್ಕ್ ಇರೋ ಜಾಗಕ್ಕೇ ಬರ್ಬೇಕು ನೋಡು ಮಾರಾಯ” ಅಂದ್ರು.

ಮೇಲೆ ತಲುಪಿದ್ದೇ ತಡ, ಅವರ ಫೋನಿಗೆ ಒಂದು ಮೆಸೇಜ್ ಬಂತು. ಹಳೇ ದೂರಿಗೆ ಉತ್ತರ: ‘ನಿಮ್ಮ ಸಮಸ್ಯೆಯನ್ನು ಪರಿಹರಿಸಲಾಗಿದೆ.’

“ಇದನ್ನೆಲ್ಲ ಯಾರು ಬರೀತಾರೋ?”

ನಾನು ಉತ್ತರ ಕೊಡಲಿಲ್ಲ.

ಹಿನ್ನೀರಿನವರಿಗೆ ಕೇಳಿದ್ದನ್ನೇ ಕೇಳೋದು ಅಭ್ಯಾಸ. 1964ರಲ್ಲಿ ಅಣೆಕಟ್ಟು ಮುಗಿಯಿತು. ಶರಾವತಿಯ ಕರೆಂಟು ನಾಡಿಗೆಲ್ಲ ಹೋಯ್ತು, ದಾರಿ ಮುಳುಗಿದ ಇಲ್ಲಿನವರು ಲಾಂಚಿಗೆ ಕಾಯ್ತಾ ನಿಂತರು. ದಶಕಗಟ್ಟಲೆ ಕೇಳಿದ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ರಂದು. ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ಮಲೆನಾಡಿನ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅನ್ನೋ ಕೂಗೂ ಎದ್ದಿತ್ತು. ಒಂದೇ ಸಲ ಕೇಳಿ ಸುಮ್ಮನಾಗಿದ್ರೆ ಇವತ್ತಿಗೂ ಲಾಂಚೇ ಗತಿ.

ಬೆಂಗಳೂರಿಗೆ ಬಂದವನೇ ಇಂಟರ್ನೆಟ್ ವೇಗವನ್ನು ಗುಡ್ಡದ ಮಟ್ಟಕ್ಕೆ ಇಳಿಸಿ ನಮ್ಮ ಆ್ಯಪ್ ತೆರೆದೆ. ನಿಂತುಹೋಯ್ತು! ಹತ್ತು ಸೆಕೆಂಡಿನಲ್ಲಿ ಉತ್ತರ ಬರದಿದ್ರೆ ಕೈಬಿಡೋ ಹಾಗೆ ನಾವೇ ಬರೆದಿದ್ವಿ. ಲಾಗ್ ತೆಗೆದು ನೋಡಿದ್ರೆ, ಅದೇ ಜಾಗದಲ್ಲಿ ಎಷ್ಟೋ ಜನ ಬಿಟ್ಟು ಹೋಗಿದ್ರು. ಅವರ್ಯಾರೂ ಒಂದು ದೂರೂ ಕೊಟ್ಟಿರಲಿಲ್ಲ. ದೂರು ಕಮ್ಮಿ ಅಂತ ನಾವು ಖುಷಿಯಾಗಿದ್ವಿ.

ಹಾಗಂತ ಜಗಳ ಆಡೋರೆಲ್ಲ ಹೇಳಿದ್ದನ್ನು ಕಂಪನಿ ಮಾಡ್ಬೇಕು ಅಂತಲ್ಲ. ಪುಕ್ಕಟೆ ಕೂಪನ್ನಿಗೆ ಕೂಗಾಡೋರೂ ಇದ್ದಾರೆ. ನನ್ನ ಲೆಕ್ಕ ಇಷ್ಟೇ: ದಿನಕ್ಕೊಂದು ಹೊಸ ತಕರಾರು ತಂದ್ರೆ ಅದು ಅವರ ಸ್ವಭಾವ ಇರಬಹುದು. ಒಂಬತ್ತು ಸಲವೂ ಒಂದೇ ತಕರಾರು ತಂದ್ರೆ ಮೊದಲು ನಮ್ಮದನ್ನೇ ನೋಡಿಕೊಳ್ಳಬೇಕು.

ಆ ಗ್ರಾಹಕರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. “ಪರವಾಗಿಲ್ಲ ಸಾರ್, ನಿಮ್ಮ ಆ್ಯಪ್ ಬೇಕಿತ್ತು, ಅದಕ್ಕೇ ಕೇಳ್ತಿದ್ದೆ” ಅಂದ್ರು. ಬೇಡದವರು ಆಗಲೇ ಹೋಗಿದ್ರಲ್ಲ.

ಅಪ್ಪಯ್ಯನ ದೂರು ಇನ್ನೂ ಹಾಗೇ ಇದೆ. ಮೊಬೈಲ್ ಕಂಪನಿ ದೂರು ಮುಚ್ಚಿದರೆ ಅಲ್ಲಿಗೇ ಮುಗೀಲಿಲ್ಲ, ಟ್ರಾಯ್‌ನ 2012ರ ನಿಯಮದಂತೆ ಆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅವರ ಪರವಾಗಿ ಅರ್ಜಿ ಹಾಕಿದ್ದೀನಿ. ಉತ್ತರ ಬಂತಾ ಅಂತ ನೋಡೋಕೆ ಅವರು ಮತ್ತೆ ಗುಡ್ಡ ಹತ್ತಬೇಕು.

ನೀವೂ ಎಲ್ಲೋ ಕೂತು ಯಾರದ್ದೋ ದೂರು ಮುಚ್ಚೋರಾದ್ರೆ, ಮುಚ್ಚೋ ಮೊದಲು ಒಂದು ಪ್ರಶ್ನೆ ಕೇಳಿ: “ನೀವು ಎಲ್ಲಿಂದ ಮಾತಾಡ್ತಿದ್ದೀರಿ?”