ಅವಸರದ ರುಜು ಬೇಡ

ವಾಹನ ಬಡಿದು ನಮ್ಮವನೊಬ್ಬ ಆಸ್ಪತ್ರೆ ಸೇರಿದರೆ, ಗಾಯ ಮಾಯುವ ಮೊದಲೇ ಯಾರಾದರೂ ಕಾಗದ ಹಿಡಿದು ಹಾಸಿಗೆಯ ಬಳಿ ಬರುವುದುಂಟು. "ಇಷ್ಟು ಹಣ ತೆಗೆದುಕೋ, ಕೋರ್ಟಿನ ಉಸಾಬರಿ ಯಾಕೆ?" ಎನ್ನುತ್ತಾರೆ. ಸಂಬಳ ನಿಂತಿದೆ, ಊರಿಗೆ ಹಣ ಕಳುಹಿಸಬೇಕು. ಕಾಗದವೋ ಇಂಗ್ಲಿಷಿನದು. "ಇನ್ನು ಯಾವ ಬಾಕಿಯೂ ಇಲ್ಲ" ಎಂದು ಅದರ ಕೊನೆಯಲ್ಲಿದ್ದರೆ ಓದಿ ಹೇಳುವವರು ಯಾರು?

ಬಂಧುಗಳೇ, ರಾಜಿಯೇ ತಪ್ಪೆಂದು ನನ್ನ ವಾದವಲ್ಲ. ವಿಮಾ ಕಂಪೆನಿಯ ಅಧಿಕಾರಿ 30 ದಿನಗಳೊಳಗೆ ಟ್ರಿಬ್ಯೂನಲ್ಲಿನ ಮುಂದೆ ರಾಜಿಯ ಮೊತ್ತ ಇಡಬಹುದೆಂದು 2022ರ ಎಪ್ರಿಲ್ 1ರಿಂದ ಜಾರಿಗೆ ಬಂದ ಕಾಯಿದೆಯೇ ಹೇಳುತ್ತದೆ. ಒಪ್ಪಿದರೆ ಹಣ ಬೇಗ ಬರುತ್ತದೆ. ಒಪ್ಪದಿದ್ದರೆ ವಿಚಾರಣೆ ನಡೆಯುತ್ತದೆ. ಒಪ್ಪದಿರುವುದೂ ನಮ್ಮ ಹಕ್ಕು. ಗಂಭೀರ ಗಾಯಕ್ಕೆ, ತಪ್ಪು ಯಾರದೆಂದು ಸಾಧಿಸದೆಯೇ, 2,50,000 ರೂಪಾಯಿ ಸಿಗುವ ದಾರಿಯೂ ಇದೆ. ಆದರೆ ರಾಜಿಯಲ್ಲಿ ಆ ಹಣ ಪಡೆದವನ ದೊಡ್ಡ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ಇದನ್ನು ತಿಳಿಯದೆ ರುಜು ಹಾಕಬಾರದು.

ಹಾಗಾದರೆ ನ್ಯಾಯವಾದ ಮೊತ್ತ ಎಷ್ಟು? ನೋಡಬೇಕಾದದ್ದು ಗಾಯವನ್ನಷ್ಟೇ ಅಲ್ಲ, ಗಾಯಾಳುವಿನ ಕೆಲಸವನ್ನು. ಎಡಗೈ ಕಳೆದುಕೊಂಡ ಬಡಗಿಯ ದುಡಿಮೆ ಪೂರ್ತಿ ಹೋದಂತೆಯೇ, ಗುಮಾಸ್ತನದು ಹಾಗಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟು ವಿವರಿಸಿದೆ. ನಮಗೂ ಇದೇ ಮಾತು. ಗಲ್ಲಾದಲ್ಲಿ ಕುಳಿತವನು ಕಾಲು ಕುಂಟಾದರೂ ಲೆಕ್ಕ ಬರೆದಾನು. ದೋಸೆ ಕಾವಲಿಯ ಮುಂದೆ, ಮಗ್ಗದ ಮುಂದೆ ದಿನವಿಡೀ ನಿಲ್ಲುವವನು ಏನು ಮಾಡಬೇಕು?

ಒಂದು ಲೆಕ್ಕ ನೋಡಿ. 32 ವರ್ಷದ ಸಪ್ಲಾಯರನಿಗೆ ತಿಂಗಳಿಗೆ 15,000 ರೂಪಾಯಿ ಸಂಬಳ, ವರ್ಷಕ್ಕೆ 1,80,000. ದುಡಿಯುವ ಶಕ್ತಿ ನೂರಕ್ಕೆ 30ರಷ್ಟು ಹೋಗಿದ್ದರೆ ವರ್ಷದ ನಷ್ಟ 54,000. ಆ ವಯಸ್ಸಿಗೆ ಕೋರ್ಟುಗಳು ಅದನ್ನು 16ರಿಂದ ಗುಣಿಸುತ್ತವೆ, 8,64,000 ಆಯಿತು. ಔಷಧದ ಖರ್ಚು, ಮಲಗಿದ್ದ ದಿನಗಳ ಸಂಬಳ, ಪಟ್ಟ ನೋವು, ಇವೆಲ್ಲ ಬೇರೆ. ಆದರೆ ಆ 30 ಎಂಬ ಅಂಕಿ ಗೊತ್ತಾಗಲು ಚಿಕಿತ್ಸೆ ಮುಗಿದು ವೈದ್ಯರು ಪರೀಕ್ಷಿಸಬೇಕು. ಅದಕ್ಕೆ ಮೊದಲು ಹೇಳಿದ ಮೊತ್ತ ಬರೇ ಅಂದಾಜು.

"ಸಂಬಳದ ಚೀಟಿಯೇ ಇಲ್ಲವಲ್ಲ" ಎನ್ನುವವರು ನಮ್ಮಲ್ಲಿ ಬಹಳ. ಕರ್ನಾಟಕದ ಕೂಲಿಕಾರನೊಬ್ಬನ ಮೊಕದ್ದಮೆಯಲ್ಲಿ, ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆನೆಂಬ ಮಾತನ್ನು ಸುಪ್ರೀಂ ಕೋರ್ಟು 2011ರಲ್ಲಿ ದಾಖಲೆಯಿಲ್ಲದೆಯೂ ಒಪ್ಪಿತು. ಆದರೂ ಧಣಿಗಳಿಂದ ಒಂದು ಪತ್ರ ಪಡೆದಿಟ್ಟರೆ ಬಲ ಹೆಚ್ಚು. ಪೊಲೀಸು ದೂರಿನ ಪ್ರತಿ, ಆಸ್ಪತ್ರೆಯ ಬಿಲ್ಲು ಒಂದನ್ನೂ ಬಿಸಾಡಬೇಡಿ.

ಗಾಯಗೊಂಡವರು ಸುಧಾರಿಸಿಕೊಳ್ಳಲು ಊರಿಗೆ ಹೋಗುತ್ತಾರೆ. ಮೊಕದ್ದಮೆ ಇಲ್ಲೇ ಮರೆತುಹೋಗುತ್ತದೆ. ಅಪಘಾತವಾದ ಕಡೆಯಲ್ಲದೆ ತಾನು ವಾಸಿಸುವ ಕಡೆಯ ಟ್ರಿಬ್ಯೂನಲ್ಲಿಗೂ ಅರ್ಜಿ ಹಾಕಬಹುದು. ಊರಲ್ಲೇ ನೆಲೆಸಿದವನಿಗೆ ಮುಂಬಯಿಗೆ ಅಲೆದಾಟ ಬೇಕಿಲ್ಲ. ಆರು ತಿಂಗಳೊಳಗೆ ಎಂದು ಕಾಯಿದೆಯಲ್ಲಿದೆ, ತಡಮಾಡಬಾರದು.

ಕೋರ್ಟಿಗೆ ಕಾಲ ಹಿಡಿಯುತ್ತದೆ, ನಿಜ. ಹಸಿದವನಿಗೆ ಕಾಯುವ ಶಕ್ತಿ ಇಲ್ಲದಿರುವುದೇ ಕಂಪೆನಿಗೆ ಲಾಭ. ಆ ಶಕ್ತಿಯನ್ನು ಕೊಡಬೇಕಾದವರು ನಾವು. ಗಾಯಾಳುವಿನ ಮನೆಗೆ ಎರಡು ತಿಂಗಳ ಅಕ್ಕಿ, ಕಾಗದ ಓದಿ ಹೇಳಲು ಒಬ್ಬ ಜತೆಗಾರ, ಇಷ್ಟನ್ನು ಸಂಘ ಒದಗಿಸಿದರೆ ಅವನು ತಲೆಯೆತ್ತಿ ರಾಜಿಗೆ ಕೂತಾನು.