ಶಿಲಾನ್ಯಾಸಕ್ಕೂ ಮೊದಲು ಊರಿತ್ತು

ನಮ್ಮ ಬಸರಾಳಿನ ಮಲ್ಲಿಕಾರ್ಜುನ ದೇಗುಲವನ್ನು 1234ರಲ್ಲಿ ಕಟ್ಟಿಸಿದವನು ಹರಿಹರ ದಣ್ಣಾಯಕ. ಅವನ ಹೆಸರು ಉಳಿಯಿತು. ಕಲ್ಲು ಹೊತ್ತವರ ಹೆಸರು ನಮಗೆ ಗೊತ್ತಿಲ್ಲ. ಅದು ಅರಸರ ಕಾಲ, ಇರಲಿ. ಸ್ವತಂತ್ರ ಭಾರತದಲ್ಲೂ ಅದೇ ನಡೆಯಬೇಕೇ?

ನಮ್ಮೂರಿನವರು ದುಡಿಮೆ ಅರಸಿ ಹೋಗುವ ಬೆಂಗಳೂರನ್ನೇ ನೋಡಿ. ಎರಡನೇ ಮಹಾಯುದ್ಧ ಮುಗಿದ 1945ರಲ್ಲೇ ಅಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಹುಟ್ಟಿತು. 1948ರಲ್ಲಿ ರಾಜಾಜಿಯವರು ಜಯನಗರಕ್ಕೆ ಶಿಲಾನ್ಯಾಸ ಮಾಡಿದರು. ಬಡಾವಣೆಯ ಚರಿತ್ರೆಯನ್ನು ಅಲ್ಲಿಂದಲೇ ಆರಂಭಿಸುತ್ತಾರೆ. ಹಾಗಾದರೆ ಭೈರಸಂದ್ರ, ಯಡಿಯೂರು ಅದಕ್ಕೂ ಮೊದಲು ಊರುಗಳಾಗಿರಲಿಲ್ಲವೇ? ಅಲ್ಲಿ ಕೆರೆಯಿತ್ತು, ಹೊಲವಿತ್ತು, ಉಳುವವರಿದ್ದರು. ಇಂದು ಅವು ನಗರದೊಳಗಿನ ವಿಳಾಸಗಳು ಮಾತ್ರ.

‘ಪರಿಹಾರ ಕೊಟ್ಟಾಯಿತಲ್ಲ’ ಎನ್ನುವವರಿದ್ದಾರೆ. ಹಣ ಕೊಟ್ಟು ನೆಲ ಪಡೆಯಬಹುದು. ನೆನಪನ್ನು ಅಳಿಸುವ ಹಕ್ಕು ಯಾವ ಕಾಯ್ದೆಯಲ್ಲಿದೆ?

ಈಗ ಮಂಡ್ಯದ ಸುತ್ತಲಿನ ಗದ್ದೆಗಳೂ ನಿವೇಶನಗಳಾಗುತ್ತಿವೆ. ಬಡಾವಣೆ ಬೇಡವೆಂದು ನಾವು ಹೇಳುತ್ತಿಲ್ಲ. ಮನೆಯಿಲ್ಲದವರಿಗೆ ಮನೆ ಬೇಕು. ನಾವು ಕೇಳುವುದಿಷ್ಟೇ: ಪ್ರತಿ ಬಡಾವಣೆಯ ಫಲಕದಲ್ಲಿ ಉದ್ಘಾಟಕರ ಹೆಸರಿಗಿಂತ ಮೇಲೆ ಹಳೆಯ ಊರಿನ ಹೆಸರಿರಲಿ, ಅಲ್ಲಿ ಉತ್ತವರ ಹೆಸರಿರಲಿ. ಪಹಣಿ ತೆರೆದರೆ ಸಿಗುತ್ತವೆ. ಬೇಕಾದದ್ದು ಮನಸ್ಸು.