ಹನ್ನೊಂದನೆಯ ದಿನದ ನಗೆ

ಸಾವಿನ ಮನೆಯಲ್ಲಿ ನಗಬಾರದೆಂಬುದು ಹಿರಿಯರು ಹಾಕಿಕೊಟ್ಟ ಕಟ್ಟಳೆ. ಆದರೂ ಹೆಣ ಎತ್ತಿದ ಮರುಗಳಿಗೆಯಲ್ಲಿಯೇ ಊಟದ ಎಲೆಗಳ ಲೆಕ್ಕ, ಕುರಿಯ ಬೆಲೆ, ಹೊಲದ ಪಾಲು ಚರ್ಚೆಗೆ ಬರುವುದನ್ನು ಕಂಡು ಮನದೊಳಗೆ ನಗದವರು ಯಾರಿದ್ದಾರೆ? ಈ ಗುಟ್ಟಿನ ನಗೆಯನ್ನು ಬಯಲಿಗೆ ತಂದ ಚಿತ್ರ ‘ತಿಥಿ’. ರಜೆಯಲ್ಲಿ ಮನೆಮಂದಿಯೊಡನೆ ಅದನ್ನು ಮತ್ತೊಮ್ಮೆ ನೋಡಿದೆವು.

ರಾಮ್ ರೆಡ್ಡಿಯವರು ನಿರ್ದೇಶಿಸಿ, ಈರೇಗೌಡರು ಬರವಣಿಗೆಯಲ್ಲಿ ಜೊತೆಗೂಡಿದ ಈ ಚಿತ್ರವು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿಗಳನ್ನು ಗಳಿಸಿತು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಸಂದಿತು. ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಗರೇ. ನೂರೊಂದು ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ. ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ಅಳುವೂ ಬೇಡ. ಹೊಲಗಳಲ್ಲಿ ಅಲೆಯುವುದೇ ಅವನ ಸುಖ. ಮೊಮ್ಮಗ ತಮ್ಮಣ್ಣನಿಗೆ ಮಾತ್ರ ಐದು ಎಕರೆ ಜಮೀನು ಮಾರುವ ಆತುರ. ತಂದೆ ಕಾಗದಗಳ ಗೊಡವೆಗೇ ಬಾರದಿರಲು, ಬದುಕಿರುವ ಅವನಿಗೇ ಸುಳ್ಳು ಮರಣಪತ್ರ ಮಾಡಿಸಿ, ಯಾರ ಕಣ್ಣಿಗೂ ಬೀಳದಂತೆ ಹಣ ಕೊಟ್ಟು ಊರು ಬಿಡಿಸುತ್ತಾನೆ! ಅವನೋ ಕುರಿಗಾರರ ಹಟ್ಟಿ ಸೇರಿ ಹಾಯಾಗಿರುತ್ತಾನೆ. ನಾವು ಹೊಟ್ಟೆ ಹಿಡಿದು ನಕ್ಕೆವು. ನಕ್ಕ ಮೇಲೆ ಒಂದು ಹಳೆಯ ಪ್ರಸಂಗ ನೆನಪಾಗಿ ಸುಮ್ಮನಾದೆವು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಂದಿನಿಂದ ನಮ್ಮ ಹಾಲಹರವಿಯ ಕಡೆ ಮನೆಯ ಮಾತು ಕನ್ನಡ, ಹೊಲದ ಕಾಗದ ತೆಲುಗು. ಅಡಂಗಲ್ ಓದಿಸಲು, ಪಟ್ಟಾದಾರು ಪುಸ್ತಕ ತೋರಿಸಲು ಜನ ಶಾಲೆಗೆ ಬರುವುದುಂಟು.

ಒಮ್ಮೆ ಒಂದು ಮನೆಯ ಹನ್ನೊಂದನೆಯ ದಿನದ ಊಟಕ್ಕೆ ಹೋಗಿದ್ದೆವು. ಹಿರಿಯ ಮಗ ಒಂದು ಅರ್ಜಿ ತಂದು, ಸಾಕ್ಷಿ ಸಹಿ ಕೇಳಿದ. ಪಕ್ಕದಲ್ಲಿದ್ದ ತಮ್ಮ, “ಸಾರ್, ಇದ್ರಾಗ ಏನ್ ಬರ್ದೈತೆ ಓದ್ರಿ, ನಮಗ ತೆಲುಗು ಓದಾಕ ಬರಲ್ಲ” ಎಂದ. ಓದಿದೆವು. ವಾರಸುದಾರರೆಂದು ಗಂಡುಮಕ್ಕಳಿಬ್ಬರ ಹೆಸರು ಮಾತ್ರ ಇದ್ದವು. ಅಕ್ಕನ ಹೆಸರಿರಲಿಲ್ಲ. ಆಕೆ ಹಿತ್ತಲಲ್ಲಿ ನೂರಾರು ಜನರ ಎಂಜಲು ಪಾತ್ರೆ ತೊಳೆಯುತ್ತಿದ್ದಳು!

ಪರರ ಮನೆಯ ವಿಷಯ, ನಮಗೇಕೆಂದು ಒಂದು ಗಳಿಗೆ ಅಳುಕಿದ್ದು ನಿಜ. ಆದರೆ ಆಕೆ ನಮ್ಮ ಶಾಲೆಯಲ್ಲಿಯೇ ಅಕ್ಷರ ಕಲಿತವಳು. ಆಕೆಯನ್ನು ಕರೆಸಿ, ಎಲ್ಲರೆದುರು ಮತ್ತೊಮ್ಮೆ ಕನ್ನಡದಲ್ಲಿ ಓದಿ ಹೇಳಿದೆವು. ಹಿರಿಯ ಮಗ ತಲೆ ತಗ್ಗಿಸಿದ. ಆಕೆ ಕೈ ಒರೆಸಿಕೊಳ್ಳುತ್ತ, “ಪಾಲು ಕೊಡ್ಲಿ ಬಿಡ್ಲಿ ಸಾರ್, ನಮ್ಮಪ್ಪನ ಮಗಳಂತ ಬರೀಲಿ” ಎಂದಳು. ಬೇರೆ ಅರ್ಜಿ ಬರೆದದ್ದಾಯಿತು.

ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ. ಸಾವನ್ನು 21 ದಿನಗಳೊಳಗೆ ನೋಂದಾಯಿಸಿರಿ. ತಹಶೀಲ್ದಾರರ ಕಚೇರಿಗೆ ಕೊಡುವ ಅರ್ಜಿಯಲ್ಲಿ ಹೆಣ್ಣುಮಕ್ಕಳ ಹೆಸರನ್ನೂ ಬರೆಯಿಸಿರಿ. 2005ರ ತಿದ್ದುಪಡಿಯಂತೆ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲುಂಟು. ಓದಿಸಿ ಕೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ.

ತಮ್ಮಣ್ಣನ ಕಥೆಗೆ ಧಾರಾಳವಾಗಿ ನಗೋಣ. ಆದರೆ ಸತ್ತವರಿಗೆ ಎಡೆಯಿಡುವ ಮನೆಯಲ್ಲಿ, ಬದುಕಿರುವವರನ್ನು ಕಾಗದದ ಮೇಲೆ ಸಾಯಿಸದಿರೋಣ.